ಸಹಾಯ ಬೇಕು: ಎಸ್‌ಇಲಿನಕ್ಸ್ ತಿದ್ದಿದ ಮೇಲೆ ಫೆಡೋರಾ ಲಿನಕ್ಸ್ ಬೂಟ್ ಆಗುತ್ತಿಲ್ಲ (ಶಿಡ್ಲಘಟ್ಟ)

ಗೆಳೆಯರೇ, ನಮ್ಮ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಮೂರು ವರ್ಷದ ಗೂಡಿನ ಖರೀದಿ ಲೆಕ್ಕ, ಕೂಲಿಯವರಿಗೆ ಕೊಡಬೇಕಾದ ಬಾಕಿ, ಎಲ್ಲವೂ ಈ ಒಂದೇ ಕಂಪ್ಯೂಟರಿನಲ್ಲಿದೆ. ಶನಿವಾರ ಬಟವಾಡೆ. ಅದಕ್ಕೇ ಇಷ್ಟು ಆತಂಕ.

ಆದದ್ದು ಇಷ್ಟು. ಎಸ್‌ಇಲಿನಕ್ಸ್ ಭದ್ರತೆಯನ್ನು ಮತ್ತೆ ಚಾಲೂ ಮಾಡಲು ಹೋಗಿ ಕಾನ್ಫಿಗ್ ಕಡತದಲ್ಲಿ ತಪ್ಪು ಸಾಲನ್ನು ತಿದ್ದಿದೆ. ‘ಟಾರ್ಗೆಟೆಡ್’ ಎಂದಿರಬೇಕಾದ ಎಸ್‌ಇಲಿನಕ್ಸ್‌ಟೈಪ್ ಸಾಲಿನಲ್ಲಿ ‘ಎನ್‌ಫೋರ್ಸಿಂಗ್’ ಎಂದು ಬರೆದೆ. ಆ ಹೆಸರಿನ ಪಾಲಿಸಿಯೇ (ಭದ್ರತಾ ನಿಯಮಗಳ ಕಟ್ಟು) ಇಲ್ಲ. ಹಾಗಾಗಿ ಪಾಲಿಸಿ ಲೋಡ್ ಆಗಲಿಲ್ಲ ಎಂದು ತೋರಿಸಿ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ.

ಬೂಟ್ ಶುರುವಿನಲ್ಲಿ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ಎಸ್‌ಇಲಿನಕ್ಸ್=0 ಸೇರಿಸಿದರೆ ಆ ಒಂದು ಸಲ ಈ ಭದ್ರತೆಯಿಲ್ಲದೆ ಬೂಟ್ ಆಗುತ್ತದೆ ಎಂಬುದು ಗೊತ್ತು. ಆದರೆ ಗ್ರಬ್‌ಗೂ ಪಾಸ್‌ವರ್ಡ್ ಹಾಕಿದ್ದೆ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಡಿಸ್ಕಿಗೆ ಎನ್‌ಕ್ರಿಪ್ಶನ್ ಇಲ್ಲ, ಅದೊಂದು ಪುಣ್ಯ. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಮೊದಲು ಲೆಕ್ಕವನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಆಮೇಲೆ ಕಡತವನ್ನು ಸರಿಪಡಿಸಬೇಕೆಂದಿದ್ದೇನೆ.

ನನ್ನ ಸಂಶಯ: ಫೈಲ್ ಸಿಸ್ಟಮ್ ಬಿಟಿಆರ್‌ಎಫ್‌ಎಸ್. ‘ರೂಟ್’ ಸಬ್‌ವಾಲ್ಯೂಮನ್ನು (ಡಿಸ್ಕಿನಲ್ಲಿ ಸಿಸ್ಟಮ್ ಇರುವ ಭಾಗ) ಮೌಂಟ್ ಮಾಡಿ ಸಾಲು ತಿದ್ದಿದರೆ ಸಾಕೇ, ಲೈವ್‌ನಿಂದ ಹಳೆಯ ಸಿಸ್ಟಮ್ಮಿನೊಳಗೆ ಹೊಕ್ಕು ಕೆಲಸ ಮಾಡುವ ಸಿಎಚ್‌ರೂಟ್ ಬೇಕೇ? ತಿದ್ದಿದ ಕಡತದ ಲೇಬಲ್ (ಭದ್ರತಾ ಗುರುತು) ಕೆಡಬಹುದೆಂದು, ಮುಂದಿನ ಬೂಟ್‌ನಲ್ಲಿ ಎಲ್ಲ ಕಡತಗಳಿಗೂ ಹೊಸದಾಗಿ ಲೇಬಲ್ ಹಚ್ಚಿಸುವ ಆಟೋರೀಲೇಬಲ್ ಕಡತವನ್ನೂ ಇಡಬೇಕೇ? ರೀಲೇಬಲ್ ನಡುವೆ ವಿದ್ಯುತ್ ಹೋದರೆ ಏನಾಗುತ್ತದೆ? ನಮ್ಮ ಯುಪಿಎಸ್ ಹತ್ತು ನಿಮಿಷವೂ ತಡೆಯುವುದಿಲ್ಲ.

ಫಾರ್ಮ್ಯಾಟ್ ಮಾಡಿ ಎಂದು ಮಾತ್ರ ಹೇಳಬೇಡಿ. ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಬಲ್ಲವರಿದ್ದರೆ ತಿಳಿಸಿ, ಸಿಪಿಯು ಹೊತ್ತು ನಾನೇ ಬರುತ್ತೇನೆ.