ಕ್ಯಾವಲಿಯರ್ 5 + ಪ್ಯಾಲಡಿನ್ 2: ಕುದುರೆ ಉಳಿಯುತ್ತಿಲ್ಲ, ಮಾರ್ಕ್ ಹತ್ತುತ್ತಿಲ್ಲ. ಮುಂದಿನ ಲೆವೆಲ್ ಯಾವ ಕ್ಲಾಸ್‌ಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟ) 5ನೇ ಆವೃತ್ತಿ, 2014ರ ನಿಯಮ. ಪಾತ್ರ ವೇರಿಯಂಟ್ ಹ್ಯೂಮನ್, ಒಟ್ಟು 7ನೇ ಲೆವೆಲ್: ಫೈಟರ್ ಕ್ಲಾಸ್‌ನಲ್ಲಿ 5 (ಅದರ ಸವಾರ ಯೋಧರ ಶಾಖೆ ಕ್ಯಾವಲಿಯರ್), ಪ್ಯಾಲಡಿನ್ (ಮಂತ್ರ ಬಲ್ಲ ವ್ರತಧಾರಿ ಯೋಧ) ಕ್ಲಾಸ್‌ನಲ್ಲಿ 2. ಸ್ಟ್ರೆಂತ್ 18, ಡೆಕ್ಸ್ (ಚುರುಕು) 12, ಕಾನ್ (ಮೈಗಟ್ಟು) 14, ಇಂಟ್ 8, ವಿಸ್ 10, ಕರಿಸ್ಮಾ 14. ಫೀಟ್ (ಆಯ್ದುಕೊಂಡ ವಿಶೇಷ ಸಾಮರ್ಥ್ಯ) ಸವಾರಿ ಕಾಳಗದ ಮೌಂಟೆಡ್ ಕಾಂಬ್ಯಾಟಂಟ್. ಪ್ಲೇಟ್ ಆರ್ಮರ್, ಶೀಲ್ಡ್, ಲ್ಯಾನ್ಸ್ (ಸವಾರರ ಉದ್ದ ಈಟಿ). 400 ಚಿನ್ನದ ನಾಣ್ಯ ಕೊಟ್ಟು ಕೊಂಡ ವಾರ್‌ಹಾರ್ಸ್, ಅದಕ್ಕೆ ಬಾರ್ಡಿಂಗ್ (ಕುದುರೆಯ ಕವಚ) ಇಲ್ಲ.

ತೊಂದರೆಗಳು: ಕುದುರೆ ಎರಡು-ಮೂರು ರೌಂಡ್‌ಗಿಂತ ಹೆಚ್ಚು ಬದುಕುವುದಿಲ್ಲ. ಲ್ಯಾನ್ಸ್‌ನಿಂದ ಹೊಡೆದು ಮಾರ್ಕ್ ಮಾಡಿದ (ಬೇರೆಯವರ ಮೇಲೆ ಬೀಳದಂತೆ ತಡೆಯಲು ಕ್ಯಾವಲಿಯರ್ ಗುರುತು ಹಾಕಿದ) ಶತ್ರು ಯಾವ ಅಡ್ಡಿಯೂ ಇಲ್ಲದೆ ನಮ್ಮ ವಿಝರ್ಡ್ ಮೇಲೆ ಬೀಳುತ್ತಾನೆ. ಫೈಂಡ್ ಸ್ಟೀಡ್‌ಗಾಗಿ (ಮಾಯಾ ಕುದುರೆ ಕರೆಯುವ ಎರಡನೇ ಹಂತದ ಸ್ಪೆಲ್, ಅಂದರೆ ಮಂತ್ರ) ಪ್ಯಾಲಡಿನ್ 5ರವರೆಗೆ ಹೋಗಬೇಕೆಂದಿದ್ದೆ, ಆದರೆ ಮಲ್ಟಿಕ್ಲಾಸ್‌ನಲ್ಲಿ (ಕ್ಲಾಸ್‌ಗಳನ್ನು ಬೆರೆಸಿದಾಗ) ಪ್ಯಾಲಡಿನ್ ಲೆವೆಲ್ ಅರ್ಧ ಮಾಡಬೇಕು, ಆಗ ಎರಡನೇ ಹಂತದ ಸ್ಲಾಟೇ (ಸ್ಪೆಲ್ ಹಾಕಲು ಖರ್ಚಾಗುವ ಪಾಲು) ಬರುವುದಿಲ್ಲ ಎಂದು ಡಿಎಂ (ಆಟ ನಡೆಸುವವರು) ಹೇಳುತ್ತಿದ್ದಾರೆ. ಬಲ್ಲವರು ದಾರಿ ತೋರಿಸಿ.

ಉತ್ತರ 1

ಮೊದಲು ಸ್ಲಾಟ್ ವಿಷಯ, ಏಕೆಂದರೆ ಉಳಿದ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ. ಲೆವೆಲ್ ಅರ್ಧ ಮಾಡುವ ನಿಯಮ ಒಂದಕ್ಕಿಂತ ಹೆಚ್ಚು ಕ್ಲಾಸ್‌ಗಳಿಂದ ಸ್ಪೆಲ್‌ಕಾಸ್ಟಿಂಗ್ ಪಡೆದವರಿಗೆ ಮಾತ್ರ. ಕ್ಯಾವಲಿಯರ್‌ಗೆ ಸ್ಪೆಲ್ ಇಲ್ಲ, ಹಾಗಾಗಿ ನೀವು ಪ್ಯಾಲಡಿನ್ ಪಟ್ಟಿಯನ್ನೇ ನೇರವಾಗಿ ನೋಡಬೇಕು. ಪ್ಯಾಲಡಿನ್ 5ಕ್ಕೆ ಮೊದಲ ಹಂತದ 4 ಸ್ಲಾಟ್, ಎರಡನೇ ಹಂತದ 2. ನಿಮ್ಮ ಡಿಎಂ ಹೇಳಿದಂತೆ 5ನ್ನು ಅರ್ಧ ಮಾಡಿ 2ಕ್ಕೆ ಇಳಿಸಿದರೆ ಸಿಗುವುದು ಮೊದಲ ಹಂತದ 3 ಸ್ಲಾಟ್ ಅಷ್ಟೇ. ಆ ಲೆಕ್ಕ ಪ್ಯಾಲಡಿನ್-ಕ್ಲೆರಿಕ್‌ನಂಥ ಜೋಡಿಗೆ, ನಿಮಗಲ್ಲ. ಮಲ್ಟಿಕ್ಲಾಸಿಂಗ್ ಅಧ್ಯಾಯದ ಸ್ಪೆಲ್ ಸ್ಲಾಟ್ ಭಾಗ ತೆರೆದು ತೋರಿಸಿ.

ಇನ್ನು ಕುದುರೆ. ವಾರ್‌ಹಾರ್ಸ್ ಎಸಿ (ಏಟು ತಗುಲಲು ಎದುರಾಳಿ ಮುಟ್ಟಬೇಕಾದ ಅಂಕ) 11, ಎಚ್‌ಪಿ (ಜೀವದ ಅಂಕ) 19. 7ನೇ ಲೆವೆಲ್‌ನ ಕಾಳಗದಲ್ಲಿ ಅದು ಉಳಿಯಬೇಕಾದರೆ ನಿಮ್ಮ ಫೀಟನ್ನು ಪೂರ್ತಿ ಬಳಸಬೇಕು. ಕುದುರೆಯನ್ನು ಗುರಿ ಮಾಡಿದ ಅಟ್ಯಾಕನ್ನು ನಿಮ್ಮ ಮೇಲೆ ತಿರುಗಿಸಿಕೊಳ್ಳಬಹುದು. ಅದಕ್ಕೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಖರ್ಚಿಲ್ಲ, ಎಷ್ಟು ಸಲ ಎಂಬ ಮಿತಿಯೂ ಇಲ್ಲ. ಟೇಬಲ್‌ನಲ್ಲಿ ಡಿಎಂ "ಕುದುರೆಗೆ ಹೊಡೆಯುತ್ತಾನೆ" ಎಂದ ಕೂಡಲೇ "ನನ್ನ ಮೇಲೆ" ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಪ್ಲೇಟ್ 18, ಶೀಲ್ಡ್ 2, ಡಿಫೆನ್ಸ್ ಸ್ಟೈಲ್ ಇದ್ದರೆ ಇನ್ನೊಂದು: 21ರ ಎಸಿಗೆ ಬರಲಿ ಆ ಏಟು.

ಡೆಕ್ಸ್ ಸೇವ್ (ಚುರುಕಿನಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳ) ಗೆದ್ದವರಿಗೆ ಅರ್ಧ ಡ್ಯಾಮೇಜ್ ಇರುವ ಕಡೆ ಅದೇ ಫೀಟ್‌ನಿಂದ ಕುದುರೆ ಸೇವ್ ಗೆದ್ದರೆ ಸೊನ್ನೆ, ಸೋತರೆ ಅರ್ಧ. ಫೈರ್‌ಬಾಲ್ ಸ್ಪೆಲ್ 8ಡಿ6 (ಆರು ಮುಖದ ಎಂಟು ದಾಳ), ಸರಾಸರಿ 28. ಸೋತರೂ 14, ಕುದುರೆ 5 ಎಚ್‌ಪಿಯಲ್ಲಿ ನಿಂತಿರುತ್ತದೆ. ನೀವು ಇಳಿದಿದ್ದರೆ ಅಥವಾ ಇನ್‌ಕೆಪಾಸಿಟೇಟೆಡ್ (ಏನೂ ಮಾಡಲಾಗದ ಸ್ಥಿತಿ) ಆಗಿದ್ದರೆ ಇದ್ಯಾವುದೂ ಇಲ್ಲ.

ಫೀಟ್ ಕೈಕೊಡುವ ಜಾಗಗಳೂ ಇವೆ. ಮ್ಯಾಜಿಕ್ ಮಿಸೈಲ್‌ಗೆ ಅಟ್ಯಾಕ್ ರೋಲೇ ಇಲ್ಲ, ತಿರುಗಿಸಲು ಆಗದು. ಶ್ಯಾಟರ್, ಕೋನ್ ಆಫ್ ಕೋಲ್ಡ್, ಗ್ರೀನ್ ಡ್ರ್ಯಾಗನ್‌ನ ವಿಷದ ಉಸಿರು: ಇವೆಲ್ಲ ಕಾನ್ ಸೇವ್, ಡೆಕ್ಸ್ ಅಲ್ಲ. ಕುದುರೆ ಸಾಯುವುದು ಹೆಚ್ಚಾಗಿ ಇಲ್ಲೇ.

ಬಾರ್ಡಿಂಗ್ ಇಂದೇ ಕೊಳ್ಳಿ. ಮನುಷ್ಯರ ಆರ್ಮರ್‌ನ ನಾಲ್ಕು ಪಟ್ಟು ಬೆಲೆ, ಎರಡು ಪಟ್ಟು ತೂಕ. ಚೈನ್ ಮೇಲ್ ಬಾರ್ಡಿಂಗ್ 300 ನಾಣ್ಯ, 110 ಪೌಂಡ್, ಎಸಿ 16. ವಾರ್‌ಹಾರ್ಸ್ 540 ಪೌಂಡ್ ಹೊರುತ್ತದೆ, ಭಾರದ ಚಿಂತೆ ಬೇಡ. ಪ್ಲೇಟ್ ಬಾರ್ಡಿಂಗ್ 6,000 ನಾಣ್ಯ. ಆ ದುಡ್ಡಿಗೆ ಬೇರೆ ಕೆಲಸ ಹುಡುಕಿ.

ಉತ್ತರ 2

ಮಾರ್ಕ್ ಹತ್ತದಿರುವುದಕ್ಕೆ ಕಾರಣ ದೂರ. ಅನ್‌ವೇವರಿಂಗ್ ಮಾರ್ಕ್‌ನ (ಆ ಗುರುತಿನ ಪೂರ್ತಿ ಹೆಸರು) ಡಿಸಡ್ವಾಂಟೇಜ್ (ಎರಡು ದಾಳ ಎಸೆದು ಕಡಿಮೆಯದನ್ನು ಹಿಡಿಯುವುದು) ಶತ್ರು ನಿಮ್ಮಿಂದ 5 ಅಡಿಯೊಳಗೆ ಇದ್ದಾಗ ಮಾತ್ರ. ಲ್ಯಾನ್ಸ್ ಬಯಸುವುದು 10 ಅಡಿ. 5 ಅಡಿಯೊಳಗಿನ ಗುರಿಗೆ ಲ್ಯಾನ್ಸ್‌ಗೇ ಡಿಸಡ್ವಾಂಟೇಜ್. ಒಂದೇ ರೌಂಡ್‌ನಲ್ಲಿ ಒಂದು ಸೌಲಭ್ಯ "ಹತ್ತಿರ ಬಾ" ಅನ್ನುತ್ತದೆ, ಇನ್ನೊಂದು "ದೂರ ನಿಲ್ಲು" ಅನ್ನುತ್ತದೆ. ಲೆವೆಲ್ ಯಾವ ಕ್ಲಾಸ್‌ಗೆ ಹಾಕಿದರೂ ಇದು ಬಗೆಹರಿಯುವುದಿಲ್ಲ. ಪ್ರತಿ ರೌಂಡ್‌ಗೂ ಕಾವಲೋ ದಾಳಿಯೋ ಎಂದು ಮೊದಲೇ ತೀರ್ಮಾನಿಸಬೇಕು.

ಕಾವಲಿನ ರೌಂಡ್: ಶತ್ರುವಿನ ಪಕ್ಕಕ್ಕೇ ಹೋಗಿ ನಿಲ್ಲಿ. ಗುರಿ ಮೀಡಿಯಂ (ಮನುಷ್ಯರ ಗಾತ್ರ) ಅಥವಾ ಅದಕ್ಕಿಂತ ಚಿಕ್ಕದು, ಸವಾರಿಯಲ್ಲಿಲ್ಲ ಎಂದರೆ ಫೀಟ್‌ನಿಂದ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದನ್ನು ಹಿಡಿಯುವುದು) ಇದೆ. ಅದೂ ಲ್ಯಾನ್ಸ್‌ನ ಡಿಸಡ್ವಾಂಟೇಜೂ ಒಂದನ್ನೊಂದು ಹೊಡೆದುಹಾಕಿ ಸಾದಾ ರೋಲ್ ಉಳಿಯುತ್ತದೆ, ಮಾರ್ಕೂ ಹಿಡಿಯುತ್ತದೆ. ಆದರೆ ಮಾರ್ಕ್ ಆದವನು ಬೇರೆಯವರಿಗೆ ಏಟು ಕೊಟ್ಟಾಗ ನಿಮಗೆ ಸಿಗುವ ಬೋನಸ್ ಆಕ್ಷನ್ (ಟರ್ನ್‌ಗೆ ಒಂದೇ ಸಿಗುವ ಹೆಚ್ಚುವರಿ ಕೆಲಸ) ಹೊಡೆತಕ್ಕೆ ಬರುವ ಅಡ್ವಾಂಟೇಜೂ ಅದರಲ್ಲೇ ಹೋಗುತ್ತದೆ. ಎಷ್ಟು ಅಡ್ವಾಂಟೇಜ್ ಇದ್ದರೂ ಒಂದು ಡಿಸಡ್ವಾಂಟೇಜ್ ಸಾಕು. ಅದಕ್ಕೇ ಸೊಂಟದಲ್ಲಿ ಲಾಂಗ್‌ಸ್ವೋರ್ಡ್ ಇರಲಿ. ಲ್ಯಾನ್ಸ್ ಕೈಬಿಡಲು ಖರ್ಚಿಲ್ಲ, ಕತ್ತಿ ಹಿರಿಯಲು ಆ ಟರ್ನ್‌ನ ಒಂದು ಉಚಿತ ಆಬ್ಜೆಕ್ಟ್ ಇಂಟರಾಕ್ಷನ್ ಸಾಕು.

ದಾಳಿಯ ರೌಂಡ್: ನೀವು ನಡೆಸುವ ಕುದುರೆ ನಿಮ್ಮ ಇನಿಶಿಯೇಟಿವ್‌ನಲ್ಲೇ (ಸರದಿಯಲ್ಲೇ) ಚಲಿಸುತ್ತದೆ, ಅದಕ್ಕೆ ಡ್ಯಾಶ್ (ಓಟ), ಡಿಸ್‌ಎಂಗೇಜ್ (ಏಟಿಗೆ ಎಡೆಕೊಡದೆ ಸರಿಯುವುದು), ಡಾಜ್ (ಏಟು ತಪ್ಪಿಸುವುದು) ಮೂರೇ ಆಕ್ಷನ್. ಡಿಸ್‌ಎಂಗೇಜ್ ಕೊಡಿ, 30 ಅಡಿ ಒಳನುಗ್ಗಿ, 10 ಅಡಿ ದೂರದಿಂದ ಎರಡು ಹೊಡೆತ, ಉಳಿದ 30 ಅಡಿ ಹಿಂದಕ್ಕೆ. ಟ್ರ್ಯಾಂಪ್ಲಿಂಗ್ ಚಾರ್ಜ್ (ಓಡಿಬಂದು ಗೊರಸಿನಿಂದ ಬೀಳಿಸುವ ಕುದುರೆಯ ದಾಳಿ) ಈ ರೀತಿಯಲ್ಲಿ ಸಿಗದು, ಏಕೆಂದರೆ ನಡೆಸುತ್ತಿರುವ ಕುದುರೆ ಅಟ್ಯಾಕ್ ಆಕ್ಷನ್ ತೆಗೆದುಕೊಳ್ಳುವಂತಿಲ್ಲ.

ಡಿಎಂ ಜೊತೆ ಆಟಕ್ಕೆ ಮೊದಲೇ ಒಂದು ಮಾತು ಆಗಬೇಕು. ಕುದುರೆ ಗ್ರಿಡ್‌ನಲ್ಲಿ ನಾಲ್ಕು ಚೌಕ ಹಿಡಿಯುತ್ತದೆ. ಸವಾರ ಅದರಲ್ಲಿ ಎಲ್ಲಿದ್ದಾನೆ ಎಂದು ನಿಯಮ ಹೇಳುವುದಿಲ್ಲ. ನಾಲ್ಕೂ ಚೌಕ ಸವಾರನದೇ ಎಂದರೆ ಕುದುರೆಗೆ ತಾಗಿ ನಿಂತವರೆಲ್ಲ 5 ಅಡಿಯೊಳಗೆ: ಮಾರ್ಕ್‌ಗೆ ಒಳ್ಳೆಯದು, ಲ್ಯಾನ್ಸ್‌ಗೆ ಕೆಟ್ಟದ್ದು. ಹಿಂದಿನ ಒಂದು ಚೌಕ ಎಂದರೆ ಕುದುರೆಯ ಮೂತಿಯೆದುರು ನಿಂತವನು 10 ಅಡಿ ದೂರದಲ್ಲಿ, ಫಲ ಪೂರ್ತಿ ತಿರುಗುಮುರುಗು. ನಿಮ್ಮ ಈ ಪಾತ್ರಕ್ಕೆ ನಾಲ್ಕೂ ಚೌಕದ ತೀರ್ಮಾನವೇ ಲಾಭ, ಅದನ್ನೇ ಕೇಳಿ.

ಮರುಪ್ರಶ್ನೆ

ತುಂಬಾ ಧನ್ಯವಾದ. ಸ್ಲಾಟ್ ಲೆಕ್ಕ ಡಿಎಂ ಒಪ್ಪಿದರು, ನಾಲ್ಕು ಚೌಕಕ್ಕೂ ಹೂಂ ಅಂದರು. ಲೆವೆಲ್ ಬಿಚ್ಚಿ ಮತ್ತೆ ಕಟ್ಟಲು ಮಾತ್ರ ಒಪ್ಪುತ್ತಿಲ್ಲ. ಆಟ 11ನೇ ಲೆವೆಲ್‌ವರೆಗೆ ನಡೆಯುತ್ತದೆ, ಅರ್ಧಕ್ಕರ್ಧ ಗುಹೆ-ನೆಲಮಾಳಿಗೆಗಳಲ್ಲಿ. ಫೈಟರ್ ಮುಂದುವರಿಸಲೇ, ಪ್ಯಾಲಡಿನ್ ಹಿಡಿಯಲೇ?

ಉತ್ತರ 3

ಫೈಟರ್ ದಾರಿ: 8ನೇ ಲೆವೆಲ್‌ಗೆ (ಫೈಟರ್ 6) ಸ್ಟ್ರೆಂತ್ 20, 9ಕ್ಕೆ (ಫೈಟರ್ 7) ವಾರ್ಡಿಂಗ್ ಮನೂವರ್. ನಿಮಗೋ 5 ಅಡಿಯೊಳಗಿನ ಯಾರಿಗಾದರೂ ಏಟು ಬಿದ್ದಾಗ ರಿಯಾಕ್ಷನ್ ಕೊಟ್ಟು ಎಸಿಗೆ 1ಡಿ8 ಸೇರಿಸುತ್ತೀರಿ, ಆದರೂ ತಗುಲಿದರೆ ಡ್ಯಾಮೇಜ್ ಅರ್ಧ. ಕಾನ್ 14 ಎಂದರೆ ಲಾಂಗ್ ರೆಸ್ಟ್‌ಗೆ (ದೀರ್ಘ ವಿಶ್ರಾಂತಿ) ಎರಡೇ ಸಲ. ಹೋಲ್ಡ್ ದ ಲೈನ್ (ಶತ್ರುವನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಸೌಲಭ್ಯ) ಬರುವುದು ಫೈಟರ್ 10ಕ್ಕೆ, ಅಂದರೆ ನಿಮಗೆ ಒಟ್ಟು 12ನೇ ಲೆವೆಲ್. ಆಟ ಅಷ್ಟರಲ್ಲಿ ಮುಗಿದಿರುತ್ತದೆ.

ಪ್ಯಾಲಡಿನ್ ದಾರಿ: 8ಕ್ಕೆ ಓತ್ (ಪ್ಯಾಲಡಿನ್ ಶಾಖೆಯ ವ್ರತ), 9ಕ್ಕೆ ಸ್ಟ್ರೆಂತ್ 20, 10ಕ್ಕೆ ಫೈಂಡ್ ಸ್ಟೀಡ್, 11ಕ್ಕೆ ಔರಾ ಆಫ್ ಪ್ರೊಟೆಕ್ಷನ್ (ನಿಮ್ಮ, ಹತ್ತಿರದ ಜೊತೆಗಾರರ ಸೇವ್ ಏರಿಸುವುದು). ಪ್ಯಾಲಡಿನ್ 5ರ ಎಕ್ಸ್‌ಟ್ರಾ ಅಟ್ಯಾಕ್ (ಒಂದರ ಬದಲು ಎರಡು ಹೊಡೆತ) ಫೈಟರ್‌ನದರ ಮೇಲೆ ಕೂಡುವುದಿಲ್ಲ, ಅದು ನಿಜವಾಗಿಯೂ ನಷ್ಟ. ಹಾಗಿದ್ದರೂ ನಿಮ್ಮ ಆಟಕ್ಕೆ ನಾನು ಇದನ್ನೇ ಹೇಳುತ್ತೇನೆ. ನೆಲಮಾಳಿಗೆಯ ಏಣಿ ಬಂದಾಗ, ದುಡ್ಡು ಕೊಟ್ಟು ಕೊಂಡ ಕುದುರೆಯನ್ನು ಮೇಲೆಯೇ ಕಟ್ಟಿ ಇಳಿಯಬೇಕು. ಸ್ಟೀಡ್ ಆದರೆ ಒಂದು ಆಕ್ಷನ್‌ನಲ್ಲಿ ಕಳಿಸಿಬಿಡಬಹುದು, ಕೆಳಗಿನ ದೊಡ್ಡ ಹಜಾರದ ಮುಂದೆ 10 ನಿಮಿಷ, ಎರಡನೇ ಹಂತದ ಒಂದು ಸ್ಲಾಟ್ ಕೊಟ್ಟು ಮತ್ತೆ ಕರೆಯಬಹುದು. ಸತ್ತರೂ ಅಷ್ಟೇ ಖರ್ಚು, ಪೂರ್ಣ ಎಚ್‌ಪಿಯಲ್ಲಿ ಬರುತ್ತದೆ. ಮೇಲೆ ಹೇಳಿದ ಕಾನ್ ಸೇವ್ ಪೆಟ್ಟುಗಳಿಗೂ ಔರಾ ಕುದುರೆಗೆ +2 ಕೊಡುತ್ತದೆ.

ಓತ್ ಆಫ್ ವೆಂಜನ್ಸ್ ತೆಗೆದುಕೊಳ್ಳಿ. ಓಗ್ರ್‌ನಂಥ ಲಾರ್ಜ್ ಶತ್ರು ಕುದುರೆಗಿಂತ ಚಿಕ್ಕದಲ್ಲ, ಅಲ್ಲಿ ಫೀಟ್‌ನ ಅಡ್ವಾಂಟೇಜ್ ಇಲ್ಲ. ಒಬ್ಬ ಶತ್ರುವಿನ ಮೇಲೆ ಅಡ್ವಾಂಟೇಜ್ ಕೊಡುವ ಈ ಓತ್‌ನ ವೌ ಆಫ್ ಎನ್ಮಿಟಿ ಆ ಜಾಗ ತುಂಬುತ್ತದೆ. ಅದೂ ಬೋನಸ್ ಆಕ್ಷನ್, ಮಾರ್ಕ್‌ನ ಹೊಡೆತವೂ ಬೋನಸ್ ಆಕ್ಷನ್. ಮೊದಲ ರೌಂಡ್ ವೌ, ಆಮೇಲೆ ಮಾರ್ಕ್. ಡಿವೈನ್ ಸ್ಮೈಟ್ (ಸ್ಲಾಟ್ ಸುರಿದು ಹೊಡೆತದ ಡ್ಯಾಮೇಜ್ ಏರಿಸುವುದು) 2014ರಲ್ಲಿ ಯಾವ ಆಕ್ಷನನ್ನೂ ತಿನ್ನುವುದಿಲ್ಲ. 2024ರ ನಿಯಮದಲ್ಲಿ ಅದು ಬೋನಸ್ ಆಕ್ಷನ್ ಸ್ಪೆಲ್, ಹಾಗಾಗಿ ಎರಡು ಪುಸ್ತಕ ಬೆರೆಸಬೇಡಿ.

ಉತ್ತರ 1

ಪ್ಯಾಲಡಿನ್ ದಾರಿಗೆ ನನ್ನದೂ ಒಪ್ಪಿಗೆ. ಕಳೆದುಕೊಳ್ಳುವುದೂ ಗೊತ್ತಿರಲಿ: ಮಾರ್ಕ್‌ನ ವಿಶೇಷ ಹೊಡೆತಕ್ಕೆ ಸೇರುವುದು ಫೈಟರ್ ಲೆವೆಲ್‌ನ ಅರ್ಧ, ಅದು ಕೊನೆಯವರೆಗೂ 2ರಲ್ಲೇ ನಿಲ್ಲುತ್ತದೆ. ಸ್ಟ್ರೆಂತ್ 20 ಆದಾಗ ಆ ಹೊಡೆತ ಸಿಗುವ ಸಲಗಳು ಮಾತ್ರ 5ಕ್ಕೆ ಏರುತ್ತವೆ.

ಹೊಸದಾಗಿ ಪಾತ್ರ ಕಟ್ಟುವವರು ಪ್ಯಾಲಡಿನ್ 6ರಿಂದ ಶುರುಮಾಡಿ ಆಮೇಲೆ ಫೈಟರ್ 3 ಸೇರಿಸಿ. 5ನೇ ಲೆವೆಲ್‌ಗೇ ಎಕ್ಸ್‌ಟ್ರಾ ಅಟ್ಯಾಕೂ ಸ್ಟೀಡೂ ಸಿಗುತ್ತವೆ, ಎಕ್ಸ್‌ಟ್ರಾ ಅಟ್ಯಾಕ್ ಎರಡು ಸಲ ಬಂದು ವ್ಯರ್ಥವಾಗುವುದಿಲ್ಲ.

ಫೈಟಿಂಗ್ ಸ್ಟೈಲ್ ಎರಡೂ ಕ್ಲಾಸ್‌ನಿಂದ ಬರುತ್ತದೆ, ಒಂದನ್ನೇ ಎರಡು ಸಲ ತೆಗೆದುಕೊಳ್ಳುವಂತಿಲ್ಲ. ಡಿಫೆನ್ಸ್ ಜೊತೆ ಡ್ಯುಯೆಲಿಂಗ್ (ಒಂದೇ ಕೈಯ ಆಯುಧದ ಶೈಲಿ) ಇರಲಿ. ಕುದುರೆಯ ಮೇಲೆ ಲ್ಯಾನ್ಸ್ ಒಂದೇ ಕೈಯಲ್ಲಿ ಇರುವುದರಿಂದ ಅದರ ಡ್ಯಾಮೇಜ್‌ಗೂ +2 ಸೇರುತ್ತದೆ. ಇಳಿದ ಮೇಲೆ ಲ್ಯಾನ್ಸ್‌ಗೆ ಎರಡೂ ಕೈ ಬೇಕು, ಶೀಲ್ಡ್ ಬಿಚ್ಚಲು ಒಂದು ಆಕ್ಷನ್ ಹೋಗುತ್ತದೆ. ಗುಹೆಯಲ್ಲಿ ಕಾಲ್ನಡಿಗೆ ಎಂದರೆ ಕತ್ತಿಯೇ.

ಉತ್ತರ 3

ಇನ್ನೊಂದು ಬಿಟ್ಟುಹೋಗಿತ್ತು. ಸ್ಟೀಡ್ ಮೇಲೆ ಕೂತಿದ್ದಾಗ ನಿಮ್ಮೊಬ್ಬರನ್ನೇ ಗುರಿ ಮಾಡುವ ಸ್ಪೆಲ್ ಅದಕ್ಕೂ ತಗುಲುವಂತೆ ಮಾಡಬಹುದು. ಒಂದು ಕ್ಯೂರ್ ವೂಂಡ್ಸ್‌ನಲ್ಲಿ ಇಬ್ಬರಿಗೂ ಎಚ್‌ಪಿ, ಒಂದು ಶೀಲ್ಡ್ ಆಫ್ ಫೇಯ್ತ್‌ನಲ್ಲಿ ಇಬ್ಬರಿಗೂ ಎಸಿ +2. ವೆಂಜನ್ಸ್‌ಗೆ ಪ್ಯಾಲಡಿನ್ 5ರಲ್ಲಿ ಮಿಸ್ಟಿ ಸ್ಟೆಪ್ (ಇದ್ದಲ್ಲಿಂದ ಮಾಯವಾಗಿ ಬೇರೆಡೆ ಕಾಣಿಸಿಕೊಳ್ಳುವ ಸ್ಪೆಲ್) ಬರುತ್ತದೆ. ಕುದುರೆಯ ಜೊತೆಗೇ 30 ಅಡಿ ಕಂದಕ ದಾಟಬಹುದೇ ಎಂದು ಡಿಎಂ ಬಳಿ 10ನೇ ಲೆವೆಲ್‌ಗೆ ಮೊದಲೇ ಕೇಳಿಡಿ. ಹೌದು ಎಂದರೆ ಎರಡನೇ ಹಂತದ ಎರಡು ಸ್ಲಾಟ್‌ಗಳಲ್ಲಿ ಒಂದನ್ನು ಸ್ಮೈಟ್‌ಗೆ ಸುರಿಯದೆ ಅದಕ್ಕೆಂದೇ ಉಳಿಸಿ.