ಸ್ಪ್ರೇಯರ್ ವೈರಿಗೆ ಸೋಲ್ಡರ್ ಹಿಡಿಯುತ್ತಿಲ್ಲ, ಮಣಿಯಾಗಿ ಉರುಳುತ್ತಿದೆ

ತೊಗರಿಹೊಲ (ಆಳಂದ):
ನಮಸ್ಕಾರ್ರೀ. ತೊಗರಿ ಹೂವಿಗೆ ಬಂದಿದೆ, ಕಾಯಿಕೊರಕಕ್ಕೆ ಔಷಧಿ ಹೊಡೆಯಬೇಕು. ಬ್ಯಾಟರಿ ಪಂಪಿನ ಸ್ವಿಚ್ಚಿನ ಹತ್ತಿರ ವೈರು ಕಿತ್ತು ಬಂದಿದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದೆ. ಸೋಲ್ಡರ್ (ಬೆಸುಗೆ ಹಾಕುವ ಲೋಹ) ಕರಗುತ್ತದೆ, ಆದರೆ ವೈರಿನ ಮೇಲೆ ನಿಲ್ಲದೆ ಮಣಿಯ ಹಾಗೆ ಉರುಳಿ ಬೀಳುತ್ತದೆ. ಸೋಲ್ಡರೇ ಕಲಬೆರಕೆನಾ?

ರೇಡಿಯೋಮನೆ (ಕಲಬುರಗಿ):
ಸುಮ್ನೆ ಸೋಲ್ಡರಿನ ಮೇಲೆ ತಪ್ಪು ಹೊರಿಸಬೇಡಿ. ಸುಲಿದ ವೈರು ಯಾವ ಬಣ್ಣ ಇದೆ? ಸೋಲ್ಡರ್ ಸುರುಳಿಯ ಮೇಲೆ ಏನು ಬರೆದಿದೆ?

ತೊಗರಿಹೊಲ:
ವೈರು ಕಪ್ಪಗಿದೆ ಅಣ್ಣಾರ. ಸುರುಳಿಯ ಮೇಲೆ 60/40 ಅಂತಿದೆ.

ರೇಡಿಯೋಮನೆ:
ಆ ಕಪ್ಪೇ ಕಾರಣ. ಔಷಧಿ ನೀರು ಒಳಗಿಳಿದು ತಾಮ್ರ ಕೆಟ್ಟಿರಬೇಕು. 60/40 ಅಂದರೆ 60 ಪಾಲು ತವರ, 40 ಪಾಲು ಸೀಸ. 183 ಡಿಗ್ರಿಗೆ ಕರಗಲು ಶುರುವಾಗಿ 190ರ ಹತ್ತಿರ ಪೂರ್ತಿ ನೀರಾಗುತ್ತದೆ. ನಿಮ್ಮ ಕೆಲಸಕ್ಕೆ ಒಳ್ಳೆಯದೇ. ಅದರ ಹೊಟ್ಟೆಯಲ್ಲಿರುವ ಫ್ಲಕ್ಸ್ (ಲೋಹ ಶುಚಿ ಮಾಡುವ ಮದ್ದು) ತೆಳು ಮಾಸಲು ತೆಗೆಯುತ್ತದೆ, ಇಷ್ಟು ಕಪ್ಪನ್ನಲ್ಲ.

ಮೊದಲು ಬ್ಯಾಟರಿ ಬಿಚ್ಚಿಡಿ. ಔಷಧಿ ಮೆತ್ತಿದ ಜಾಗ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಅದರ ಹೊಗೆ ನಿಮ್ಮ ಮೂಗಿಗೇ ಬರುತ್ತದೆ. ಕೆಂಪು ತಾಮ್ರ ಕಾಣುವ ತನಕ ವೈರು ಕತ್ತರಿಸುತ್ತಾ ಹೋಗಿ. ಬಿಟ್ಟಿನ (ಐರನ್ನಿನ ಕಾಯುವ ಮೊನೆ) ತುದಿಗೆ ಚೂರು ಸೋಲ್ಡರ್ ಸವರಿ, ವೈರಿನ ಕೆಳಗೆ ಒತ್ತಿ ಹಿಡಿಯಿರಿ. ಸೋಲ್ಡರನ್ನು ಮೇಲಿನಿಂದ ವೈರಿಗೇ ತಾಗಿಸಿ, ಬಿಟ್ಟಿಗಲ್ಲ. ವೈರಿನ ಕಾವಿಗೇ ಅದು ಕರಗಿ ಎಳೆಗಳ ಒಳಗೆ ಇಳಿಯಬೇಕು. ಫ್ಯಾನ್ ಬಂದ್ ಮಾಡಿ. ನಮ್ಮ ಸೆಕೆಯಲ್ಲಿ ಕಷ್ಟವೇ, ಆದರೆ ಗಾಳಿ ಕಾವನ್ನೆಲ್ಲ ಎಳೆದುಬಿಡುತ್ತದೆ. ತಗಡಿನ ಕೆಲಸದ ಆಸಿಡ್ ಮಾತ್ರ ಹಚ್ಚಲೇಬೇಡಿ. ಇವತ್ತು ಹಿಡಿಯುತ್ತದೆ, ಆಮೇಲೆ ವೈರನ್ನೇ ತಿನ್ನುತ್ತದೆ.

ಬೀದರ್‌ಬೆಂಚ್:
ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಇರಬಹುದು. ಅದಕ್ಕೆ ಮಾಮೂಲಿ ಸೋಲ್ಡರ್ ಸರಿಯಾಗಿ ಹಿಡಿಯಲ್ಲ, ವೈರನ್ನೇ ಬದಲಿಸಿ.

ತೊಗರಿಹೊಲ:
ಕೆರೆದರೂ ಕೆಂಪೇ ಇದೆ. ನಾಲ್ಕು ಬೆರಳು ಕತ್ತರಿಸಿದೆ, ವೈರು ಗಿಡ್ಡ ಆಯ್ತು, ಹೊಸ ತುಂಡು ಸೇರಿಸಿದೆ. ಅಲ್ಲಿ ಚೆನ್ನಾಗಿ ಇಳಿಯಿತು. ಸ್ವಿಚ್ಚಿನ ಕಾಲಿನ (ವೈರು ಸೇರಿಸುವ ಲೋಹದ ತುಂಡು) ಮೇಲೆ ಮಾತ್ರ ಮಂಕಾಗಿ, ಮರಳಿನ ಹಾಗೆ ಕೂತಿದೆ.

ರೇಡಿಯೋಮನೆ:
ಆರುವಾಗ ಅಲುಗಿದೆ, ಇಲ್ಲವೇ ಕಾಲಿಗೆ ಕಾವು ಸಾಲಲಿಲ್ಲ. ಕಾಲನ್ನು ಕೆರೆದು, ಮತ್ತೆ ಕಾಯಿಸಿ, ಚೂರು ಹೊಸ ಸೋಲ್ಡರ್ ಕೊಡಿ. ಜಾಸ್ತಿ ಹೊತ್ತು ಹಿಡಿದರೆ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಹುಷಾರು.

ತೊಗರಿಹೊಲ:
ಈಗ ಹೊಳೆಯುತ್ತಿದೆ! ಎಳೆದು ನೋಡಿದೆ, ಅಲುಗಲಿಲ್ಲ. ಪಂಪು ಓಡಿತು.

ರೇಡಿಯೋಮನೆ:
ಬಹಳ ಖುಷಿ ಆಯ್ತು. ಸೋಲ್ಡರಿನಲ್ಲಿ ಸೀಸ ಇದೆ, ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂಡಿ.