ಮಳಿಗಾಲದಾಗ ಹಾಲ್‌ನ್ಯಾಗ ಆಡಸೂ ಆಟ ಯಾವುದೈತ್ರಿ?

ಸಪ್ತಾಪುರದ ಅಕ್ಕ, ಧಾರವಾಡ:
ನಮಸ್ಕಾರ್ರಿ. ನಮ್ಮ ಓಣ್ಯಾಗ ರವಿವಾರ ಸಂಜಿಮುಂದ 16ರಿಂದ 22 ವಯಸ್ಸಿನ ಇಪ್ಪತ್ತು ಹುಡುಗ-ಹುಡುಗ್ಯಾರು ಕೂಡ್ತಾರ. ಬ್ಯಾಸಿಗ್ಯಾಗ ಕಬಡ್ಡಿ, ಲಗೋರಿ ನಡೀತಿದ್ವು. ಈಗ ನಮ್ಮ ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತ ಐತಿ, ಹಿಡೀತಂದ್ರ ಬಿಡಂಗಿಲ್ಲ. ಇರೂದು ಒಂದ ಸಣ್ಣ ಹಾಲ್, ಕಡಪಾ ಕಲ್ಲಿನ ನೆಲ. ಹೋದ ವಾರ ಕುರ್ಚಿ ಆಟ ಇಟ್ಟಿದ್ದೆ. ಹಸಿ ಕಾಲಿಲೆ ಓಡಿ ಒಬ್ಬಾಕಿ ಜಾರಿ ಬಿದ್ದು ಮೊಣಕಾಲ ಕೆತ್ತಿಸ್ಕೊಂಡ್ಳು. ಅಂತ್ಯಾಕ್ಷರಿ ಇಟ್ರ ಅದ ನಾಲ್ಕ ಮಂದಿ ಹಾಡ್ತಾರ, ಉಳಿದವ್ರು ಮೊಬೈಲ್ ನೋಡ್ಕೋತ ಕುಂದರ್ತಾರ. ಗ್ಯಾರೇಜಿನ್ಯಾಗ ದುಡಿಯೂ ಹುಡುಗ ಒಬ್ಬ ಬರ್ತಾನ. ತಿಂಗಳಾತು, ಬಾಯಿ ಬಿಟ್ಟಿಲ್ಲ. ಅವಗೂ ಪಾಲು ಸಿಗೂವಂಥಾ ಆಟ ಹೇಳ್ರಿ.

ಹಾವೇರಿ ತಮ್ಮ:
ಚೌಕಾಬಾರಾ ಇಡ್ರಿ ಅಕ್ಕಾರ. ಒಂದೊಂದ ಮನಿಗೆ ಐದೈದು ಮಂದಿ, ಸರದಿ ಪ್ರಕಾರ ಕವಡಿ ಹಾಕೂದು. ನವಲಗುಂದದ ಜಮಖಾನದಾಗ ಪಗಡಿ ಮನಿ ನೇಯ್ದಿರ್ತಾರಲ್ಲ, ಹಂಗ ದೊಡ್ಡ ಹಾಸು ಸಿಕ್ರ ಎಲ್ಲಾರಿಗೂ ಕಾಣತೈತಿ.

ಗದಗ ಮಾಸ್ತರ:
ತಂಗಿ, ನಾ ಪಿ.ಟಿ. ಮಾಸ್ತರ ಇದ್ದಾಗ ಮಳಿ ದಿನಾ ಆಡಸ್ತಿದ್ದ ಆಟ ಹೇಳ್ತೀನಿ. ಹತ್ತತ್ತು ಮಂದಿ ಎರಡು ಸಾಲು, ಎದರಾಬದರ ನೆಲದ ಮ್ಯಾಲೆ ಕುಂದರ್ಲಿ. ಸಾಲಿನವ್ರು ಒಬ್ಬರದೊಬ್ಬರು ಕೈ ಹಿಡೀಲಿ. ಮುಂದಿನ ಇಬ್ಬರನ್ನ ಬಿಟ್ಟು ಉಳಿದವ್ರೆಲ್ಲಾ ಕಣ್ಣ ಮುಚ್ಚಬೇಕು. ಎರಡೂ ಸಾಲಿನ ತುದಿಗೆ, ನಡುವ, ಒಂದ ಟವೆಲ್ ಉಂಡಿ ಕಟ್ಟಿ ಇಡ್ರಿ. ಬಾಟ್ಲಿ ಬ್ಯಾಡ, ಉಳ್ಳಿ ಹೋಗತೈತಿ, ಉಗರೂ ತಾಗತಾವ.

ನೀವು ಮುಂದ ಕುಂತು ರೂಪಾಯಿ ಚಿಮ್ಮಿ ಆ ಇಬ್ಬರಿಗಷ್ಟ ತೋರಸ್ರಿ. ಸಿಂಹ ಬಿದ್ರ ಮುಂದಿನಾಂವ ಬಾಜೂದವನ ಕೈ ಹಿಚಕಬೇಕು, ಅವ ತನ್ನ ಆಚೀಕಡಿಯವನದು, ಹಿಂಗ ತುದೀತನಕ. ತುದಿಯಾಂವ ಟವೆಲ್ ಎಳಕೋಬೇಕು. ಗೆದ್ದ ಸಾಲಿನ ತುದಿಯಾಂವ ಮುಂದ ಬರ್ತಾನ, ಎಲ್ಲಾರೂ ಒಂದೊಂದ ಜಾಗ ಹಿಂದ ಸರೀತಾರ. ಅಂಕಿ ಬಿದ್ದಾಗ ತಪ್ಪಿ ಟವೆಲ್ ಎಳದ್ರ ಮುಂದಿನಾಂವ ತಿರಗಿ ತುದಿಗೆ. ಮೊದಲ ಮುಂದ ಕುಂತಾಂವ ಪೂರಾ ಸುತ್ತಿ ಮುಂದಕ್ಕ ಬಂದ್ರ ಆ ಸಾಲು ಗೆದ್ದಂಗ.

ನಡುವ ಯಾರೂ ಪಿಟ್ಟನ್ನಬಾರದು. ಅದಕ್ಕ ಈ ಆಟ ನನಗ ಭಾಳ ಸೇರ್ತದ: ಮಾತಿನ ಮಲ್ಲನೂ ಮೂಗನಂಗ ಕುಂದರಬೇಕು, ಒಬ್ಬ ಮೈಮರತ್ರ ಸಾಲಿಗೆ ಸಾಲ ಸೋಲತೈತಿ.

ಸಪ್ತಾಪುರದ ಅಕ್ಕ:
ಸರ್, ಹುಡುಗ್ಯಾರು ಹುಡುಗರ ಕೈ ಹಿಡಿಯೂದಂದ್ರ ಮನ್ಯಾಗ ಮಾತ ಬರತಾವ್ರಿ. ಬ್ಯಾರೆ ಬ್ಯಾರೆ ಸಾಲ ಮಾಡೂದೂ ನನಗ ಮನಸಿಲ್ಲ.

ಗದಗ ಮಾಸ್ತರ:
ನಡುವ ಕರ್ಚೀಪ್ ಕೊಡವ್ವ. ಒಂದ ತುದಿ ಇಂವಾ, ಒಂದ ತುದಿ ಆಕಿ. ಹಿಚಕೂ ಬದ್ಲಿ ಒಂದ ಸಲ ಜಗ್ಗೂದು. ಸಡಲ ಬಿಡಬಾರದು, ಬಿಗಿ ಇದ್ರ ಜಗ್ಗಿದ್ದು ಗೊತ್ತಾಗತೈತಿ.

ಸಪ್ತಾಪುರದ ಅಕ್ಕ:
ನಿನ್ನೆ ಆಡಸಿದೆ ಸರ್. ಮೊದಲನೇ ಐದು ನಿಮಿಷ ಗದ್ದಲ, ಆಮ್ಯಾಲೆ ಹಂಚಿನ ಮ್ಯಾಲಿನ ಮಳಿ ಸಪ್ಪಳ ಬಿಟ್ರ ಏನೂ ಇಲ್ಲ. ಗ್ಯಾರೇಜಿನ ಹುಡುಗ ತುದಿಗೆ ಬಂದಾಗ ಟವೆಲ್ ಅವನ ಎಳಕೊಂಡ. ಒಮ್ಮೆ ಅಂಕಿ ಬಿದ್ದಿತ್ತು, ಬಾಜೂದಾಕಿ ತಪ್ಪಿ ಜಗ್ಗಿದ್ಳು. ಎಲ್ಲಾರೂ ಆಕೀಗೆ ಬೈಲಿಕ್ಕೆ ಹತ್ತಿದ್ರು. "ನನ್ನ ಕೈನ ಅಲಗ್ಯಾಡಿತ್ರಿ, ಆಕೀದು ತಪ್ಪಿಲ್ಲ" ಅಂದ. ಅವನ ದನಿ ನಾವು ಕೇಳಿದ್ದ ಆವಾಗ.